ಕಳೆದುಹೋಗುವ ತಮ್ಮ, ಹುಡುಕುವ ಅಣ್ಣ: ‘ಲೆ ತಿಬೊ’ ಕಾದಂಬರಿಯ ಒಂದು ಪ್ರಕರಣ ಅಧ್ಯಯನ

ಪ್ಯಾರಿಸ್‌ನ ವೋಜಿರಾರ್ ಬೀದಿಯ ಮೂಲೆ. ಒಬ್ಬ ಶ್ರೀಮಂತ ಅಪ್ಪ, ಪಕ್ಕದಲ್ಲಿ ಅವನ ದೊಡ್ಡ ಮಗ. ದಾರಿಯುದ್ದಕ್ಕೂ ಅಪ್ಪ ಮಗನ ಜೊತೆ ಒಂದು ಮಾತೂ ಆಡಿಲ್ಲ. ಶಾಲೆಯ ಕಟ್ಟಡ ಹತ್ತಿರವಾದಾಗ ಥಟ್ಟನೆ ನಿಲ್ಲುತ್ತಾನೆ. ಚಿಕ್ಕ ಮಗ ಹೊತ್ತಾದರೂ ಮನೆಗೆ ಬಂದಿಲ್ಲ. ಅವನನ್ನು ಹುಡುಕಿಕೊಂಡು ಇಬ್ಬರೂ ಹೊರಟಿದ್ದಾರೆ.

ರೋಜೆ ಮಾರ್ತಾಂ ದ್ಯು ಗಾರ್ ಬರೆದ ‘ಲೆ ತಿಬೊ’ ಶುರುವಾಗುವುದು ಹೀಗೆ. ತಿಬೊ ಮನೆತನದವರು ಅಂತ ಹೆಸರಿನ ಅರ್ಥ. ತಮ್ಮ ಜಾಕ್ ಇನ್ನೂ ನಮ್ಮ ಕಣ್ಣಿಗೇ ಬಿದ್ದಿಲ್ಲ, ಆಗಲೇ ಕಳೆದುಹೋಗಿದ್ದಾನೆ. ಅಣ್ಣ ಆಂತ್ವಾನ್ ಆಗಲೇ ಹುಡುಕುತ್ತಿದ್ದಾನೆ.

ಈ ಕಾದಂಬರಿಯನ್ನು ನಾನು ಎರಡು ಸಲ ಓದಿದ್ದೇನೆ, ಸ್ಟುವರ್ಟ್ ಗಿಲ್ಬರ್ಟ್ ಅವರ ಇಂಗ್ಲಿಷ್ ಅನುವಾದದಲ್ಲಿ. ಮೊದಲ ಸಲ ಎಲ್ಲರ ಹಾಗೆ ಓದಿದೆ: ಅಣ್ಣ ಶಿಸ್ತಿನ ಡಾಕ್ಟರ್, ತಮ್ಮ ಬಂಡಾಯಗಾರ, ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಇತ್ತು. ಅಣ್ಣ ತಮ್ಮನನ್ನು ಹುಡುಕಿ ಹೊರಡುವ ಕಡೆಯಲ್ಲೆಲ್ಲ ಅಂಚಿನಲ್ಲಿ ಒಂದು ಗೆರೆ ಎಳೆಯುತ್ತಾ ಹೋದೆ. ಪುಸ್ತಕ ಮುಗಿಯುವ ಹೊತ್ತಿಗೆ ಆ ಗೆರೆಗಳೇ ಕಾದಂಬರಿಯ ಬೆನ್ನೆಲುಬಿನಂತೆ ಕಂಡವು. ಈ ಅಧ್ಯಯನ ಹುಟ್ಟಿದ್ದು ಆ ಗೆರೆಗಳಿಂದ.

ಎರಡು ಯುದ್ಧಗಳ ನಡುವೆ ಬರೆದದ್ದು

ಮೊದಲು ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಲೇಖಕ ಹುಟ್ಟಿದ್ದು 1881ರಲ್ಲಿ. ಹಳೆಯ ದಾಖಲೆಗಳನ್ನು ಓದಿ ಪರಿಶೀಲಿಸುವ ತರಬೇತಿ ಪಡೆದವರು. ಮೊದಲ ಮಹಾಯುದ್ಧದುದ್ದಕ್ಕೂ ಮೋಟಾರು ಸಾರಿಗೆ ದಳದಲ್ಲಿ ದುಡಿದರು. 1920ರಲ್ಲಿ ಈ ಕಾದಂಬರಿಯ ಯೋಜನೆ ಹಾಕಿದರು. ಮೊದಲ ಎರಡು ಭಾಗ 1922ರಲ್ಲಿ ಬಂದವು, ಎಂಟನೆಯ ಮತ್ತು ಕೊನೆಯ ಭಾಗ 1940ರಲ್ಲಿ. ಅಂದರೆ ಒಂದು ಯುದ್ಧದಿಂದ ಮರಳಿದ ಮನುಷ್ಯ ಬರೆಯಲು ಕೂತರು, ಮುಗಿಸಿ ಅಚ್ಚಿಗೆ ಕೊಡುವಾಗ ಇನ್ನೊಂದು ಯುದ್ಧ ಬಾಗಿಲಿಗೆ ಬಂದಿತ್ತು. ಕಥೆ ನಡೆಯುವುದು ಮೊದಲ ಯುದ್ಧದ ಮುಂಚೆ ಮತ್ತು ಅದರ ಒಳಗೆ. ಆದರೆ ಬರೆಯುವ ಕೈ ಪೂರ್ತಿಯಾಗಿ ಎರಡು ಯುದ್ಧಗಳ ನಡುವಿನದು. ಈ ಕಾಲದ ಅಂತರವನ್ನು ಮರೆತು ಓದಿದರೆ ಅರ್ಧ ಕಾದಂಬರಿ ಕೈತಪ್ಪಿಹೋಗುತ್ತದೆ.

ಮನೆಯ ಕಥೆ ಹೀಗಿದೆ. ಅಪ್ಪ ಆಸ್ಕರ್ ತಿಬೊ ದೊಡ್ಡ ಕ್ಯಾಥೊಲಿಕ್ ಕುಳ. ಊರಿಗೆಲ್ಲ ದಾನಧರ್ಮ ಮಾಡುವವನು, ಮನೆಯಲ್ಲಿ ಮಾತ್ರ ಸರ್ವಾಧಿಕಾರಿ. ಅಮ್ಮ ಜಾಕ್‌ನನ್ನು ಹೆತ್ತು ತೀರಿಕೊಂಡಿದ್ದಾಳೆ. ಅಣ್ಣತಮ್ಮಂದಿರ ನಡುವೆ ಸುಮಾರು ಒಂಬತ್ತು ವರ್ಷದ ಅಂತರ. ಹಾಗಾಗಿ ಆಂತ್ವಾನ್ ಜಾಕ್‌ಗೆ ಅರ್ಧ ಅಣ್ಣ, ಅರ್ಧ ಅಪ್ಪ. ನಮ್ಮಲ್ಲೂ ಅಮ್ಮನಿಲ್ಲದ ಮನೆಗಳಲ್ಲಿ ದೊಡ್ಡ ಮಗನ ಹೆಗಲಿಗೆ ಈ ಭಾರ ತಾನಾಗಿ ಬಂದು ಬೀಳುತ್ತದೆ, ಅಲ್ವಾ?

‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಅಂತ ನಮ್ಮ ಗಾದೆ. ಈ ಮನೆಯಲ್ಲಿ ಆಸ್ತಿಗೇನೂ ಕೊರತೆಯಿಲ್ಲ, ಆದರೂ ಆಸ್ತಿಗಾಗಿ ಜಗಳವಿಲ್ಲ. ಅಪ್ಪ ಸತ್ತ ಮೇಲೆ ಆಂತ್ವಾನ್ ತನ್ನ ಪಾಲಿನ ಹಣದಲ್ಲಿ ಮನೆಯನ್ನೇ ಒಡೆದು ಪ್ರಯೋಗಾಲಯ ಕಟ್ಟಿಸುತ್ತಾನೆ. ಜಾಕ್ ತನ್ನ ಪಾಲನ್ನು ಕಾರ್ಮಿಕ ಚಳವಳಿಗೆ ಕೊಡಲು ಹೊರಡುತ್ತಾನೆ. ಒಬ್ಬರ ಪಾಲಿನ ಮೇಲೆ ಇನ್ನೊಬ್ಬರ ಕಣ್ಣಿಲ್ಲ. ಇವರನ್ನು ದೂರ ಮಾಡುವುದು ಬೇರೆಯೇ.

ಕೈಯ ಮನುಷ್ಯ, ಕಾಗದದ ಮನುಷ್ಯ

ಇಬ್ಬರ ವ್ಯತ್ಯಾಸವನ್ನು ಲೇಖಕ ಬಾಯಿಬಿಟ್ಟು ಹೇಳಬಹುದಿತ್ತು. ಅದರ ಬದಲು ಇಬ್ಬರಿಗೂ ಬೇರೆ ಬೇರೆ ಬರವಣಿಗೆಯ ರೂಪ ಕೊಟ್ಟರು. ಜಾಕ್ ನಮಗೆ ಸಿಗುವುದು ಕಾಗದಗಳಲ್ಲಿ. ಶಾಲೆಯಲ್ಲಿ ಗೆಳೆಯ ದಾನಿಯೆಲ್ ಜೊತೆ ಒಂದು ಬೂದು ಬಣ್ಣದ ನೋಟ್‌ಬುಕ್ಕಿನಲ್ಲಿ ಪತ್ರಗಳನ್ನು ಬರೆದುಕೊಳ್ಳುತ್ತಾನೆ. ಅದು ಗುರುಗಳ ಕೈಗೆ ಸಿಕ್ಕಿದ್ದೇ ಮನೆಬಿಟ್ಟು ಓಡಿಹೋಗಲು ಕಾರಣ. ಆ ನೋಟ್‌ಬುಕ್ಕಿನ ಪುಟಗಳನ್ನು ನಾವೂ ಓದುತ್ತೇವೆ. ಉತ್ಸಾಹ, ಅಳು, ಕವಿತೆಯ ಸಾಲು, ಪ್ರತಿಜ್ಞೆ, ಎಲ್ಲವೂ ಹದಿನಾಲ್ಕರ ಹುಡುಗನ ಜೋರಿನಲ್ಲಿ.

ಆಂತ್ವಾನ್ ಸಿಗುವುದು ಕೆಲಸದಲ್ಲಿ. ಮೂರನೇ ಭಾಗದಲ್ಲಿ ಒಂದು ರಾತ್ರಿಯಿದೆ. ಅಪ್ಪನ ಕಾರ್ಯದರ್ಶಿ ಏದುಸಿರು ಬಿಡುತ್ತಾ ಓಡಿ ಬರುತ್ತಾನೆ. ಅವನ ಮನೆಯ ಪುಟ್ಟ ಹುಡುಗಿ ಗಾಡಿಯ ಕೆಳಗೆ ಸಿಕ್ಕಿ ರಕ್ತ ಹರಿಯುತ್ತಿದೆ. ಆಸ್ಪತ್ರೆಗೆ ಸಾಗಿಸುವಷ್ಟು ಹೊತ್ತಿಲ್ಲ. ಸೆಕೆಯ ರಾತ್ರಿ, ಊಟದ ಮೇಜೇ ಆಪರೇಷನ್ ಟೇಬಲ್. ನೆರೆಮನೆಯ ಕೆಂಪು ಕೂದಲಿನ ರಾಶೆಲ್ ನೆರವಿಗೆ ಬರುತ್ತಾಳೆ. ಇಲ್ಲಿ ವಾಕ್ಯಗಳು ಚಿಕ್ಕದಾಗುತ್ತವೆ. ಬೆರಳು, ದೀಪ, ಬಟ್ಟೆ, ಗಾಯ. ಆಂತ್ವಾನ್ ಏನು ಯೋಚಿಸುತ್ತಾನೆ ಅನ್ನುವುದಕ್ಕಿಂತ ಅವನ ಕೈ ಮುಂದೆ ಏನು ಮಾಡುತ್ತದೆ ಅನ್ನುವುದೇ ಮುಖ್ಯ. ಮಗು ಬದುಕುತ್ತದೆ. ಅವನಿಗೆ ತನ್ನ ಮೇಲೆ ಎಂಥ ಹೆಮ್ಮೆ! ಆ ಹೆಮ್ಮೆಯನ್ನು ಲೇಖಕ ಮುಚ್ಚಿಡುವುದೂ ಇಲ್ಲ, ಹೀಯಾಳಿಸುವುದೂ ಇಲ್ಲ. ಒಳ್ಳೆಯ ಕೆಲಸ ಮಾಡಿದವನ ಖುಷಿ ಅದು.

ನಾಲ್ಕನೇ ಭಾಗ ಪೂರ್ತಿ 1913ರ ಅಕ್ಟೋಬರ್‌ನ ಒಂದೇ ದಿನ. ಒಬ್ಬರಾದ ಮೇಲೆ ಒಬ್ಬರು ರೋಗಿಗಳು ಬರುತ್ತಾರೆ, ಆಂತ್ವಾನ್ ನೋಡುತ್ತಾನೆ. ಅವರಲ್ಲೊಬ್ಬ ರಾಜತಾಂತ್ರಿಕ ಯುದ್ಧದ ವಾಸನೆಯನ್ನೂ ತರುತ್ತಾನೆ. ಆ ದಿನವೇ ಸಹೋದ್ಯೋಗಿಯೊಬ್ಬನ ಸಾಯುತ್ತಿರುವ ಕೂಸಿನ ಹತ್ತಿರ ಅವನನ್ನು ಕೇಳುತ್ತಾರೆ: ಈ ನರಳಾಟವನ್ನು ನಿಲ್ಲಿಸಬಾರದೇ? ಆಂತ್ವಾನ್ ಒಪ್ಪುವುದಿಲ್ಲ. ಜೀವ ತೆಗೆಯುವ ಹಕ್ಕು ನನಗಿಲ್ಲ ಅನ್ನುತ್ತಾನೆ. ಆಮೇಲೆ ಒಬ್ಬನೇ ಇದ್ದಾಗ ತನ್ನನ್ನೇ ಕೇಳಿಕೊಳ್ಳುತ್ತಾನೆ: ಯಾವುದರ ಹೆಸರಿನಲ್ಲಿ? ದೇವರನ್ನು ನಂಬದ ಮನುಷ್ಯ ಇವನು. ಹಾಗಾದರೆ ಈ ‘ಬೇಡ’ ಎಲ್ಲಿಂದ ಬಂತು? ಉತ್ತರ ಸಿಗುವುದಿಲ್ಲ.

ಆರನೇ ಭಾಗದಲ್ಲಿ ಅದೇ ಪ್ರಶ್ನೆ ಅವನ ಮನೆಗೇ ಬರುತ್ತದೆ. ಅಪ್ಪ ಮೂತ್ರಪಿಂಡ ಕೈಕೊಟ್ಟು ದಿನಗಟ್ಟಲೆ ಸೆಳೆತದಲ್ಲಿ ಒದ್ದಾಡುತ್ತಾನೆ. ಅಣ್ಣತಮ್ಮಂದಿರು ಸೇರಿ ಆ ಭಾರೀ ದೇಹವನ್ನು ಎತ್ತಿ ಬಿಸಿನೀರಿನ ತೊಟ್ಟಿಗೆ ಇಳಿಸುತ್ತಾರೆ. ಇಡೀ ಬಾಲ್ಯ ನಡುಗಿಸಿದ ಅಪ್ಪ ಈಗ ಇಬ್ಬರ ತೋಳುಗಳಲ್ಲಿ ಒದ್ದೆಯಾದ, ಅಸಹಾಯಕ ಮಾಂಸದ ಮುದ್ದೆ. ಕಾದಂಬರಿಯಲ್ಲಿ ಅಣ್ಣತಮ್ಮಂದಿರು ಒಂದೇ ಕೆಲಸಕ್ಕೆ ಕೈ ಹಾಕುವ ಅಪರೂಪದ ಗಳಿಗೆ ಇದು. ನನಗೆ ಅತಿ ಆಪ್ತವಾದ ಪುಟಗಳೂ ಇವೇ. ಆಮೇಲೆ ಆಂತ್ವಾನ್ ಮಾರ್ಫಿನ್ ಚುಚ್ಚುತ್ತಾನೆ, ನೋವು ಕಳೆಯಲು ಬೇಕಾದದ್ದಕ್ಕಿಂತ ಜಾಸ್ತಿ. ಕೂಸಿಗೆ ಕೊಡದಿದ್ದ ಬಿಡುಗಡೆಯನ್ನು ಅಪ್ಪನಿಗೆ ಕೊಡುತ್ತಾನೆ. ಈ ಎರಡು ದೃಶ್ಯಗಳನ್ನು ಲೇಖಕ ಎಲ್ಲೂ ಪಕ್ಕಪಕ್ಕ ಇಟ್ಟು ತೋರಿಸುವುದಿಲ್ಲ. ನಡುವೆ ನೂರಾರು ಪುಟ ಬಿಟ್ಟು, ನೆನಪಿಟ್ಟುಕೊಳ್ಳುವ ಕೆಲಸವನ್ನು ಓದುಗನಿಗೇ ಬಿಡುತ್ತಾರೆ.

ಪೆನ್ಸಿಲ್ ಗೆರೆಗಳು

ಈಗ ಹುಡುಕಾಟಕ್ಕೆ ಬರುತ್ತೇನೆ.

ಮೊದಲ ಸಲ ಜಾಕ್ ಮಾರ್ಸೆಯ್ ಬಂದರಿನವರೆಗೆ ಓಡಿಹೋಗುತ್ತಾನೆ. ಅಣ್ಣ ಮನೆಗೆ ಕರೆತರುತ್ತಾನೆ. ಅಪ್ಪ ಅಪ್ಪಿಕೊಳ್ಳುವುದಿಲ್ಲ. ಹುಡುಗನನ್ನು ಕ್ರೂಯಿಯ ಸುಧಾರಣಾ ಗೃಹಕ್ಕೆ ಕಳಿಸುತ್ತಾನೆ. ಆ ಸಂಸ್ಥೆ ಅಪ್ಪನೇ ಕಟ್ಟಿಸಿದ್ದು, ಅಪ್ಪನದೇ ಹೆಸರು ಹೊತ್ತದ್ದು. ಬೇರೆಯವರ ಮಕ್ಕಳಿಗೆ ಅಂತ ಮಾಡಿದ ಪುಣ್ಯಕಾರ್ಯದೊಳಗೆ ಸ್ವಂತ ಮಗನನ್ನೇ ಕೂಡಿಹಾಕುವುದು!

ಎರಡನೇ ಸಲ ಆಂತ್ವಾನ್ ಅಪ್ಪನಿಗೆ ಹೇಳದೆ ಕ್ರೂಯಿಗೆ ಹೋಗುತ್ತಾನೆ. ಎಲ್ಲವೂ ಚೊಕ್ಕಟ. ತಮ್ಮ ಸಭ್ಯವಾಗಿ ಮಾತಾಡುತ್ತಾನೆ. ಊಟ ಚೆನ್ನಾಗಿದೆ, ಎಲ್ಲರೂ ಒಳ್ಳೆಯವರು, ಏನೂ ತೊಂದರೆಯಿಲ್ಲ. ಈ ವಿಧೇಯತೆಯನ್ನು ಕಂಡೇ ಅಣ್ಣನಿಗೆ ಭಯವಾಗುತ್ತದೆ. ರೋಗಿ ‘ನೋವಿಲ್ಲ’ ಅಂದಾಗ ಡಾಕ್ಟರಿಗೆ ಹೆಚ್ಚು ಚಿಂತೆಯಾಗುವ ಹಾಗೆ. ಕೊನೆಗೆ ಹುಡುಗ ಒಡೆದುಹೋಗಿ ಅಳುತ್ತಾನೆ. ಅಪ್ಪನಿಗೆ ಮಾತ್ರ ಏನೂ ಹೇಳಬೇಡ ಅಂತ ಬೇಡಿಕೊಳ್ಳುತ್ತಾನೆ. ಪಾದ್ರಿ ವೆಕಾರ್ ಅವರ ನೆರವು ಪಡೆದು ಆಂತ್ವಾನ್ ತಮ್ಮನನ್ನು ಹೊರಗೆ ತರುತ್ತಾನೆ.

ಮೂರನೇ ಹುಡುಕಾಟ ನಡೆಯುವುದು ಓದಿನ ಮೂಲಕ. ಈ ಭಾಗ ಬರವಣಿಗೆ ಕಲಿಯುವವರು ಮತ್ತೆ ಮತ್ತೆ ಓದಬೇಕಾದದ್ದು. ಜಾಕ್ ದೊಡ್ಡ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದೂ ಕಾಣೆಯಾಗಿ ಮೂರು ವರ್ಷ. ಒಂದು ದಿನ ಅವನ ಹೆಸರಿಗೆ ಬಂದ ಒಬ್ಬ ಪ್ರೊಫೆಸರರ ಪತ್ರ ಆಂತ್ವಾನ್ ಕೈಗೆ ಬೀಳುತ್ತದೆ. ಅದರಲ್ಲಿ ‘ಲಾ ಸೊರೆಲ್ಲಿನಾ’ ಅನ್ನುವ ಕಥೆಯ ಪ್ರಸ್ತಾಪ. ಸ್ವಿಸ್ ಪತ್ರಿಕೆಯಲ್ಲಿ ಬಂದ ಕಥೆ, ಬರೆದವನು ಜಾಕ್ ಬೋಲ್ತಿ. ತಿಬೊ ಅನ್ನುವ ಹೆಸರನ್ನು ಕಲಸಿ ಮಾಡಿದ ಹೆಸರು.

ಆಂತ್ವಾನ್ ಕಥೆ ಓದಲು ಕೂರುತ್ತಾನೆ. ಇಟಲಿಯಲ್ಲಿ ನಡೆಯುವ ಕಥೆ, ಗಟ್ಟಿಗ ಅಪ್ಪ, ಸಿಡಿಯುವ ಮಗ, ಎರಡು ಹುಡುಗಿಯರ ನಡುವೆ ತೂಗಾಡುವ ಮನಸ್ಸು. ತಮ್ಮ ಮನೆಯೇ ವೇಷ ಹಾಕಿಕೊಂಡು ಕೂತಿದೆ. ಡಾಕ್ಟರಿಗೆ ಈ ಶೈಲಿ ಸೇರುವುದಿಲ್ಲ. ವರ್ಣನೆ ಬಂದಲ್ಲಿ ಪುಟ ಹಾರಿಸುತ್ತಾನೆ. ‘ಎಲ್ಲಿದ್ದಾನೆ, ಯಾಕೆ ಹೋದ’ ಅನ್ನುವ ಮಾಹಿತಿಗಾಗಿ ರೋಗಲಕ್ಷಣ ಹುಡುಕುವ ಹಾಗೆ ಸಾಲುಗಳನ್ನು ತಡಕುತ್ತಾನೆ. ಹುಡುಕುತ್ತಾ ಹುಡುಕುತ್ತಾ ಕಥೆಯೊಳಗಿನ ಅಣ್ಣ ಎದುರಾಗುತ್ತಾನೆ. ಅದು ತಾನೇ!

ಕಾದಂಬರಿಯೊಳಗೆ ಕಥೆ ಇಡುವುದು ಹಳೆಯ ತಂತ್ರ. ಆದರೆ ಇಲ್ಲಿ ಅದು ಸುಮ್ನೆ ಅಲಂಕಾರಕ್ಕೆ ಬಂದಿಲ್ಲ. ಆರು ನೂರು ಪುಟಗಳಿಂದ ನಾವು ತಮ್ಮನನ್ನು ಹೆಚ್ಚಾಗಿ ಅಣ್ಣನ ಕಣ್ಣಲ್ಲೇ ನೋಡಿಕೊಂಡು ಬಂದಿರುತ್ತೇವೆ. ಮೊದಲ ಸಲ ಅಣ್ಣ ತಮ್ಮನ ಕಣ್ಣಿಗೆ ಹೇಗೆ ಕಾಣುತ್ತಾನೆ ಅಂತ ತಿಳಿಯುತ್ತದೆ, ಅದೂ ಅಣ್ಣನೇ ಓದುವಾಗ. ನಮಗೂ ಮುಜುಗರವಾಗುತ್ತದೆ, ಬೇರೆಯವರ ಪತ್ರ ಕದ್ದು ಓದಿದ ಹಾಗೆ. ಆ ಪುಟಗಳಿಂದ ಎದ್ದವನೇ ಆಂತ್ವಾನ್ ಲೋಸಾನ್‌ಗೆ ರೈಲು ಹತ್ತುತ್ತಾನೆ. ಅಪ್ಪ ಸಾಯುತ್ತಿದ್ದಾನೆ ಅಂತ ಹೇಳಿ ತಮ್ಮನನ್ನು ಕರೆತರುತ್ತಾನೆ.

1931: ನಿಂತ ಗಾಡಿ

ಅಪ್ಪನ ಸಾವಿನ ಭಾಗ ಬಂದದ್ದು 1929ರಲ್ಲಿ. ಏಳನೇ ಭಾಗದ ಹಸ್ತಪ್ರತಿಯೂ ಬಹುಪಾಲು ಸಿದ್ಧವಾಗಿತ್ತು. ಮೊದಲ ಯೋಜನೆಯ ಪ್ರಕಾರ ಕಥೆ ಇನ್ನೂ ಎಷ್ಟೋ ಸಂಪುಟ ಬೆಳೆಯಬೇಕಿತ್ತು.

1931ರ ಮೊದಲಲ್ಲೇ ಲೇಖಕ ಮತ್ತು ಹೆಂಡತಿ ಕಾರು ಅಪಘಾತಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದರು. ಮಲಗಿದಲ್ಲೇ ಇಡೀ ಕಾದಂಬರಿಯನ್ನು ಮತ್ತೆ ತೂಗಿನೋಡಿದರು. ಹೀಗೇ ಹೋದರೆ ಕಥೆ ಚದುರಿಹೋಗುತ್ತದೆ ಅನ್ನಿಸಿತು. ಎದ್ದ ಮೇಲೆ ಏಳನೇ ಭಾಗದ ಆ ಹಸ್ತಪ್ರತಿಯನ್ನು ನಾಶ ಮಾಡಿದರು. ಕಥೆಯನ್ನು ನೇರ 1914ರ ಯುದ್ಧಕ್ಕೆ ತಂದು ನಿಲ್ಲಿಸಿ, ಅಲ್ಲೇ ಮುಗಿಸುವುದು ಅಂತ ತೀರ್ಮಾನಿಸಿದರು.

ಈ ಪ್ರಕರಣದ ತಿರುವು ಇದೇ ಅಂತ ನನ್ನ ನಂಬಿಕೆ. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರನ್ನು ಎದುರುಬದುರು ನಿಲ್ಲಿಸಲು ಮನೆಯೊಳಗೆ ಏನೂ ಉಳಿದಿರಲಿಲ್ಲ. ಬಂಡಾಯ ಏಳಲು ಗೋಡೆಯೇ ಇಲ್ಲ. ಲೇಖಕ ಆ ಗೋಡೆಯ ಜಾಗಕ್ಕೆ ಯುದ್ಧವನ್ನು ತಂದರು. ಇದುವರೆಗೆ ಸ್ವಭಾವದ ಭೇದವಾಗಿದ್ದದ್ದು ಈಗ ಒಂದು ಪ್ರಶ್ನೆಯ ಎರಡು ಉತ್ತರವಾಯಿತು: ದೇಶ ಕರೆದರೆ ಹೋಗಬೇಕೇ?

‘1914ರ ಬೇಸಿಗೆ’ ಅನ್ನುವ ಏಳನೇ ಭಾಗ 1936ರಲ್ಲಿ ಮೂರು ಸಂಪುಟಗಳಾಗಿ ಬಂತು. ಜೂನ್ 28ರಿಂದ ಆಗಸ್ಟ್ 10ರವರೆಗಿನ ಆರು ವಾರವಷ್ಟೇ ಅದರ ವ್ಯಾಪ್ತಿ. ಜಾಕ್ ಈಗ ಜಿನೀವಾದ ಕ್ರಾಂತಿಕಾರಿಗಳ ಜೊತೆ. ಪ್ಯಾರಿಸ್, ಬ್ರಸೆಲ್ಸ್, ಬರ್ಲಿನ್ ಅಂತ ಓಡಾಡುತ್ತಾ ಯುದ್ಧ ತಡೆಯಲು ಹೆಣಗುತ್ತಾನೆ. ಜುಲೈ 31ರ ರಾತ್ರಿ ಸಮಾಜವಾದಿ ನಾಯಕ ಜೋರೆಸ್ ಕೆಫೆಯಲ್ಲಿ ಗುಂಡೇಟಿಗೆ ಬಲಿಯಾದಾಗ ಜಾಕ್ ಮತ್ತು ಅವನ ಪ್ರೀತಿಯ ಜೆನ್ನಿ ಅಲ್ಲೇ ಇದ್ದಾರೆ. ಆಂತ್ವಾನ್ ವಾದ ಸರಳ. ಶಾಂತಿಕಾಲದಲ್ಲಿ ದೇಶದ ಸವಲತ್ತು ಪಡೆದು, ಈಗ ಒಲ್ಲೆ ಅನ್ನುವುದು ಸರಿಯಲ್ಲ. ಅವನು ಸೇನೆಯ ಡಾಕ್ಟರಾಗಿ ಹೊರಡುತ್ತಾನೆ. ಜಾಕ್‌ಗೆ ಆತ್ಮಸಾಕ್ಷಿಯ ಮುಂದೆ ಯಾವ ಆಜ್ಞೆಯೂ ದೊಡ್ಡದಲ್ಲ. ಲೇಖಕ ಇಬ್ಬರಿಗೂ ಗಟ್ಟಿ ಮಾತುಗಳನ್ನೇ ಕೊಟ್ಟಿದ್ದಾರೆ. ನಾನು ಜಾಕ್ ಪರ. ಆದರೂ ಆಂತ್ವಾನ್ ಮಾತಾಡುವಾಗ ತಲೆಯಾಡಿಸಿದ್ದೇನೆ.

ಒಂದು ಕೊರತೆ ಹೇಳಲೇಬೇಕು. ಈ ಭಾಗದಲ್ಲಿ ಚರ್ಚೆಗಳು ಉದ್ದವಾದವು. ಕ್ರಾಂತಿಕಾರಿಗಳು ಒಬ್ಬರಾದ ಮೇಲೊಬ್ಬರು ಪತ್ರಿಕೆಯ ಸಂಪಾದಕೀಯದ ಹಾಗೆ ಮಾತಾಡುತ್ತಾರೆ. ಜೆನ್ನಿಯೂ ನಿಧಾನಕ್ಕೆ ತೆಳುವಾಗುತ್ತಾಳೆ. ಮೊದಲ ಭಾಗಗಳಲ್ಲಿ ಮುಳ್ಳು ಮುಳ್ಳಾಗಿದ್ದ ಹುಡುಗಿ, ಕೊನೆಗೆ ಜಾಕ್‌ನ ನೆನಪು ಕಾಯುವವಳಷ್ಟೇ ಆಗಿ ಉಳಿಯುತ್ತಾಳೆ. ಆಂತ್ವಾನ್ ಪ್ರೀತಿಸಿದ ರಾಶೆಲ್‌ಗೆ ಕೊಟ್ಟ ಜೀವಂತಿಕೆ ಇವಳಿಗೆ ಸಿಗಲಿಲ್ಲ. ರಾಶೆಲ್ ಪುಟಗಳಿಂದ ಹೊರಟುಹೋದ ಮೇಲೂ ಅವಳ ಅಂಬರಿನ ಹಾರದ ವಾಸನೆ ಉಳಿದಿರುತ್ತದೆ. ಕೊನೆಯ ಭಾಗದಲ್ಲಿ ಆಫ್ರಿಕಾದ ಕೊನಾಕ್ರಿಯಿಂದ ಒಂದು ಪೊಟ್ಟಣ ಬರುತ್ತದೆ. ಒಳಗೆ ಅದೇ ಹಾರ. ಅವಳು ತೀರಿಕೊಂಡಿದ್ದಾಳೆ. ಒಂದು ವಸ್ತುವಿನಿಂದ ಒಂದು ಜೀವನವನ್ನು ಹೇಗೆ ಮುಗಿಸಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ನೆನಪಾಗುತ್ತಿಲ್ಲ.

ಫ್ರಾಜಿಲ್

ಜಾಕ್ ಕೊನೆಗೆ ಮಾಡುವ ಕೆಲಸವೂ ಕಾಗದದ್ದೇ. ಎರಡೂ ಕಡೆಯ ಸೈನಿಕರು ಬಂದೂಕು ಕೆಳಗಿಡಲಿ ಅಂತ ಫ್ರೆಂಚ್ ಮತ್ತು ಜರ್ಮನ್ ಎರಡರಲ್ಲೂ ಕರಪತ್ರ ಬರೆಯುತ್ತಾನೆ. ಅವುಗಳ ರಾಶಿ ಹೊತ್ತು ವಿಮಾನದಲ್ಲಿ ಹೊರಡುತ್ತಾನೆ. ಆಲ್ಸಾಸ್‌ನ ಯುದ್ಧಭೂಮಿ ತಲುಪುವಾಗ ವಿಮಾನ ಬಿದ್ದು ಹೊತ್ತಿಕೊಳ್ಳುತ್ತದೆ. ಒಂದು ಕರಪತ್ರವೂ ಯಾರ ಕೈಯನ್ನೂ ಸೇರುವುದಿಲ್ಲ.

ಜಾಕ್ ಬದುಕಿದ್ದಾನೆ. ಮೈ ಸುಟ್ಟಿದೆ, ಕಾಲು ಮುರಿದಿದೆ, ಬಾಯಿಂದ ಮಾತು ಹೊರಡುತ್ತಿಲ್ಲ. ಅವನನ್ನು ಗೂಢಚಾರ ಅಂದುಕೊಂಡ ಫ್ರೆಂಚ್ ಸೈನಿಕರು ಸ್ಟ್ರೆಚರಿನಲ್ಲಿ ಹೊತ್ತು ಹಿಮ್ಮೆಟ್ಟುತ್ತಿದ್ದಾರೆ. ಮುರಿದ ಕಾಲಿಗೆ ಕಟ್ಟಿದ್ದು ಯಾವುದೋ ಪೆಟ್ಟಿಗೆಯ ಹಲಗೆ. ಅದರ ಮೇಲೆ ‘ಫ್ರಾಜಿಲ್’ ಅನ್ನುವ ಅಕ್ಷರಗಳು, ಒಡೆಯುವ ಸಾಮಾನು ಜೋಪಾನ ಅನ್ನುವ ಮುದ್ರೆ. ಸೈನಿಕರು ಅವನನ್ನು ಅದೇ ಹೆಸರಿನಿಂದ ಕರೆಯತೊಡಗುತ್ತಾರೆ. ಇಡೀ ಜೀವನ ಮಾತು, ಪತ್ರ, ಕಥೆ, ಭಾಷಣವಾಗಿದ್ದ ಹುಡುಗನಿಗೆ ಈಗ ಬಾಯಿಲ್ಲ, ಹೆಸರಿಲ್ಲ. ಮೈಗೆ ಅಂಟಿಕೊಂಡ ಒಂದೇ ಶಬ್ದವನ್ನೂ ಬೇರೆ ಯಾರೋ ಬರೆದದ್ದು. ಶತ್ರು ಹತ್ತಿರವಾದಂತೆ ಹೊರುವವರು ಅವನನ್ನು ಬಿಟ್ಟು ಓಡುತ್ತಾರೆ. ಜೊತೆಗಿದ್ದ ಹೆದರಿದ ಪೇದೆಯೊಬ್ಬ ಅವನಿಗೆ ಗುಂಡು ಹೊಡೆಯುತ್ತಾನೆ.

ಈ ಸಲ ಅಣ್ಣ ಹುಡುಕಿ ಬರುವುದಿಲ್ಲ. ಆ ಕೊನೆಯ ಗಳಿಗೆ ಹೇಗಿತ್ತು ಅಂತ ಓದುಗನಿಗೆ ಗೊತ್ತು, ಆಂತ್ವಾನ್‌ಗೆ ಗೊತ್ತಾಗುವುದೇ ಇಲ್ಲ. ಅಂಚಿನಲ್ಲಿ ಗೆರೆ ಎಳೆಯಲು ಹೋದ ಪೆನ್ಸಿಲ್ ಅಲ್ಲೇ ನಿಂತಿತು.

ಡಾಕ್ಟರ್ ಬರೆಯಲು ಕೂತಾಗ

1937ರಲ್ಲಿ ಲೇಖಕರಿಗೆ ನೊಬೆಲ್ ಬಂತು. ಕೊನೆಯ ಭಾಗ ಆಗಿನ್ನೂ ಬಾಕಿ.

‘ಎಪಿಲೋಗ್’ 1918ರದು. ಆಂತ್ವಾನ್ ಶ್ವಾಸಕೋಶವನ್ನು ವಿಷಾನಿಲ ಸುಟ್ಟಿದೆ. ದಕ್ಷಿಣ ಫ್ರಾನ್ಸಿನ ಗ್ರಾಸ್ ಹತ್ತಿರದ ಆಸ್ಪತ್ರೆಯಲ್ಲಿ ಚಿಕಿತ್ಸೆ. ಗುಣವಾಗುತ್ತೇನೆ ಅಂತಲೇ ನಂಬಿದ್ದಾನೆ. ರಜೆಯಲ್ಲಿ ಪ್ಯಾರಿಸ್‌ಗೆ ಬಂದಾಗ ತನ್ನ ಹಳೆಯ ಗುರು ಡಾಕ್ಟರ್ ಫಿಲಿಪ್ ಅವರನ್ನು ಕಾಣುತ್ತಾನೆ. ಗುರುಗಳು ಕೆಟ್ಟ ಸುದ್ದಿ ಬಾಯಲ್ಲಿ ಹೇಳುವುದಿಲ್ಲ. ಆದರೆ ಅವರ ನೋಟದಲ್ಲಿ ಆಂತ್ವಾನ್ ತನ್ನ ಸಾವನ್ನು ಓದಿಬಿಡುತ್ತಾನೆ. ಎಷ್ಟೋ ರೋಗಿಗಳ ಮುಂದೆ ತಾನೇ ಅಂಥ ಮುಖ ಮಾಡಿಕೊಂಡಿದ್ದವನಲ್ಲವೇ? ಆ ನೋಟದ ಅರ್ಥ ಅವನಿಗೆ ಬಾಯಿಪಾಠ. ‘ಲಾ ಸೊರೆಲ್ಲಿನಾ’ದ ಪುಟಗಳನ್ನು ಹಾರಿಸಿ ಓದಿದವನು ಇಲ್ಲಿ ಒಂದೇ ಒಂದು ನೋಟವನ್ನು ಪೂರ್ತಿ ಓದುತ್ತಾನೆ.

ಜಾಕ್ ಮತ್ತು ಜೆನ್ನಿಗೆ ಒಬ್ಬ ಮಗನಿದ್ದಾನೆ, ಜಾಂ-ಪೋಲ್. ಮೂರು ವರ್ಷದ ಹಟಮಾರಿ. ಥೇಟ್ ತಿಬೊ ರಕ್ತ. ಮಗುವಿಗೆ ಮನೆತನದ ಹೆಸರು ಸಿಗಲಿ ಅಂತ ಆಂತ್ವಾನ್ ಜೆನ್ನಿಯನ್ನು ಹೆಸರಿಗಷ್ಟೇ ಮದುವೆಯಾಗುವ ಮಾತಾಡುತ್ತಾನೆ. ಅವಳು ಒಪ್ಪುವುದಿಲ್ಲ. ಆಸ್ಪತ್ರೆಗೆ ಮರಳಿದವನು ಒಂದು ನೋಟ್‌ಬುಕ್ ತೆಗೆದುಕೊಂಡು ಬರೆಯತೊಡಗುತ್ತಾನೆ, ಆ ಮಗು ದೊಡ್ಡವನಾದ ಮೇಲೆ ಓದಲಿ ಅಂತ.

ಇಲ್ಲಿಗೆ ಕಾದಂಬರಿ ತನ್ನ ಮೊದಲ ವಸ್ತುವಿಗೆ ಮರಳುತ್ತದೆ. ಒಂದು ನೋಟ್‌ಬುಕ್ಕಿನಿಂದ ತಮ್ಮ ಕಳೆದುಹೋಗಿದ್ದ. ಈಗ ನೋಟ್‌ಬುಕ್ ಅಣ್ಣನ ಕೈಯಲ್ಲಿದೆ. ಕಾಗದದ ಮನುಷ್ಯ ಮೂಕನಾಗಿ ಸತ್ತ, ಕೈಯ ಮನುಷ್ಯ ಬರೆಯಲು ಕಲಿಯುತ್ತಿದ್ದಾನೆ. ಬರವಣಿಗೆ ಡಾಕ್ಟರದೇ: ಜ್ವರ, ಕಫ, ಉಸಿರು, ಚುಚ್ಚುಮದ್ದು. ನಡುನಡುವೆ ತಮ್ಮನ ನೆನಪು, ಅವನ ಜೊತೆ ಮಾಡಿದ ವಾದ, ಆಗ ತಾನು ಕೇಳಿಸಿಕೊಳ್ಳದೇ ಹೋದದ್ದು. ‘ಯಾವುದರ ಹೆಸರಿನಲ್ಲಿ’ ಅನ್ನುವ ಹಳೆಯ ಪ್ರಶ್ನೆ ಮತ್ತೆ ಬರುತ್ತದೆ. ನಾನು ಇದನ್ನು ನಾಲ್ಕನೇ ಹುಡುಕಾಟ ಅಂತ ಗುರುತು ಹಾಕಿಕೊಂಡೆ. ಈ ಸಲ ರೈಲು ಹತ್ತುವ ಶಕ್ತಿ ಅವನಿಗಿಲ್ಲ, ಹಾಳೆಯ ಮೇಲೆ ಹುಡುಕುತ್ತಾನೆ.

ಆ ದಿನಚರಿಯಲ್ಲಿ ಆಂತ್ವಾನ್ ಅಮೆರಿಕದ ಅಧ್ಯಕ್ಷ ವಿಲ್ಸನ್ ಮಾತುಗಳನ್ನು ಆಸೆಯಿಂದ ಹಿಂಬಾಲಿಸುತ್ತಾನೆ. ಇನ್ನು ಮುಂದೆ ರಾಷ್ಟ್ರಗಳು ಕೂತು ಮಾತಾಡುತ್ತವೆ, ಜಾಂ-ಪೋಲ್ ಕಾಲಕ್ಕೆ ಯುದ್ಧ ಇರುವುದಿಲ್ಲ ಅನ್ನುವ ಆಸೆ. ಇದನ್ನು ಮೊದಲು ಓದಿದವರು 1940ರ ಫ್ರೆಂಚ್ ಓದುಗರು. ಲೆಕ್ಕ ಹಾಕಿ ನೋಡಿ. 1918ರಲ್ಲಿ ಮೂರು ವರ್ಷದ ಹುಡುಗನಿಗೆ 1940ರಲ್ಲಿ ಇಪ್ಪತ್ತೈದು. ಸೇನೆಗೆ ಹೋಗುವ ವಯಸ್ಸು. ಈ ಲೆಕ್ಕವನ್ನು ಲೇಖಕ ಎಲ್ಲೂ ಬರೆದಿಲ್ಲ. ಮೊದಲ ಸಲ ಓದುವಾಗ ನನಗೆ ಹೊಳೆದೂ ಇರಲಿಲ್ಲ. ಎರಡನೇ ಸಲ ಹೊಳೆದಾಗ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಕೊನೆಯ ದಿನ 1918ರ ನವೆಂಬರ್ 18. ಕದನವಿರಾಮವಾಗಿ ಸರಿಯಾಗಿ ಒಂದು ವಾರ. ಅಪ್ಪನಿಗೆ ಕೊಟ್ಟ ಹಾಗೆಯೇ ಆಂತ್ವಾನ್ ತನಗೂ ಇಂಜೆಕ್ಷನ್ ಕೊಟ್ಟುಕೊಳ್ಳುತ್ತಾನೆ. ಬರೆಯುವುದು ಮೂರೇ ತುಂಡು. ಮೊದಲು ತನ್ನ ವಯಸ್ಸು, ರೋಗಿಯ ಚೀಟಿಯಲ್ಲಿ ಬರೆಯುವ ಹಾಗೆ: 37 ವರ್ಷ, 4 ತಿಂಗಳು, 9 ದಿನ. ಆಮೇಲೆ, ಅಂದುಕೊಂಡದ್ದಕ್ಕಿಂತ ಇದು ಸುಲಭ ಅನ್ನುವ ಮಾತು. ಅದರ ಕೆಳಗೆ ಒಂದು ಹೆಸರು, ಆಚೆ ಕೋಣೆಯಲ್ಲಿರುವ ಹುಡುಗನನ್ನು ಕೂಗಿ ಕರೆದ ಹಾಗೆ.

ಜಾಂ-ಪೋಲ್.